ಕಳೆದ ಮಾತಿನ ಆಣೆವಾರಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆಡುವ ನಾಲಗೆಯ ಮೇಲೆ ಹಿಡಿತವಿರಲಿ ಎಂಬ ಎಚ್ಚರಿಕೆ ಅದು. ಆದರೆ ಆಡಿದ ಮಾತಲ್ಲ, ಆಡುವ ಶಕ್ತಿಯೇ ಹೊರಟುಹೋಗುವ ಸಂದರ್ಭಗಳೂ ಮನುಷ್ಯನ ಬಾಳಿನಲ್ಲಿ ಉಂಟು. ತಲೆಗೆ ಬಲವಾದ ಪೆಟ್ಟು ಬಿದ್ದು, ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿ, ಇಲ್ಲವೆ ಮೆದುಳುಜ್ವರ ತಗುಲಿ ಹೀಗಾಗುವುದುಂಟು. ನಾಲಗೆ ನೆಟ್ಟಗಿರುತ್ತದೆ, ಕಿವಿ ಕೇಳಿಸುತ್ತದೆ. ಆದರೂ ಮಾತು ಕೂಡಿಬರುವುದಿಲ್ಲ, ಇಲ್ಲವೆ ಕೇಳಿದ ಮಾತು ಅರ್ಥವಾಗುವುದಿಲ್ಲ. ವೈದ್ಯರು ಇದಕ್ಕೆ ಅಫೇಸಿಯ ಎನ್ನುತ್ತಾರೆ. ದೊಡ್ಡವರಿಗೆ ಇದು ಬಂದರೆ ಒಂದು ಬಗೆ. ನಾಲ್ಕೈದು ವರ್ಷದ ಕೂಸಿಗೆ ಬಂದರೆ ಬೇರೆಯೇ ಬಗೆ. ಕೂಸಿನ ಮಾತು ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಅಳೆಯಲು ಜನ ಪಟ್ಟ ಪಾಡಿನ ಚರಿತ್ರೆಯನ್ನು ಇಲ್ಲಿ ಸ್ವಲ್ಪದರಲ್ಲಿ ಹೇಳಬೇಕೆಂದಿದ್ದೇನೆ.

ನನ್ನ ಹುಟ್ಟೂರು ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಕುಬಿಹಾಳ. ಕುಂದಗೋಳದ ಹೆಸರು ನಾಡಿನಲ್ಲೆಲ್ಲ ಹಬ್ಬಿದ್ದು ಸವಾಯಿ ಗಂಧರ್ವರಿಂದ. 1886ರಲ್ಲಿ ಹುಟ್ಟಿದ ಈ ಮಹಾಗಾಯಕರಿಗೆ 1942ರಲ್ಲಿ ಪಾರ್ಶ್ವವಾಯು ಬಡಿಯಿತು. ನಮ್ಮ ಕಡೆಯವರು ಅದನ್ನು ಲಕ್ವಾ ಎನ್ನುತ್ತಾರೆ. ಅಲ್ಲಿಗೆ ಅವರ ಬೈಠಕ್ಕುಗಳ ಕಾಲ ಮುಗಿದಂತಾಯಿತು; 1952ರಲ್ಲಿ ಅವರು ತೀರಿಕೊಂಡರು. ಆ ಲಕ್ವಾದಿಂದ ಏನು ಹೋಯಿತೆಂದು ಯಾರೂ ಲೆಕ್ಕ ಹಾಕಬೇಕಾಗಿರಲಿಲ್ಲ. ಅವರ ಹಾಡು ಕೇಳಿದ ಜನರಿದ್ದರು, ಧ್ವನಿಮುದ್ರಿಕೆಗಳಿದ್ದವು, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಂಥ ಶಿಷ್ಯರಿದ್ದರು. ತುಂಬಿದ ಕಣಜ ಬರಿದಾದರೆ ಎಷ್ಟು ಕಾಳು ಹೋಯಿತೆಂದು ಹೇಳುವುದು ಕಷ್ಟವಲ್ಲ. ಕೂಸಿನ ಮಾತಾದರೋ ಕಣಜದ ಕಾಳಲ್ಲ. ಹೊಲದಲ್ಲಿ ಇನ್ನೂ ತೆನೆ ಹಿಡಿಯದ ಪೈರು.

ನಮ್ಮದು ಎರೆಸೀಮೆ. ಮಳೆ ಕೈಕೊಟ್ಟ ವರ್ಷ ಕಂದಾಯದವರು ಬಂದು ಬೆಳೆ ನೋಡಿ ಆಣೆವಾರಿ ಬರೆಯುವ ಪದ್ಧತಿ ಮುಂಬಯಿ ಸರಕಾರದ ಕಾಲದಿಂದ ಬಂದದ್ದು. ತುಂಬು ಬೆಳೆಯನ್ನು ಹದಿನಾರಾಣೆ ಎಂದಿಟ್ಟುಕೊಂಡು, ಈ ವರ್ಷದ್ದು ಆರಾಣೆಯೋ ನಾಲ್ಕಾಣೆಯೋ ಎಂದು ಅಂದಾಜು ಮಾಡುವುದು. ರೈತನಿಗೂ ಅಧಿಕಾರಿಗೂ ವಾದ ಬೀಳುತ್ತಿದ್ದುದು ಎದುರಿಗೆ ನಿಂತ ಬೆಳೆಯ ವಿಷಯದಲ್ಲಿ ಅಷ್ಟಲ್ಲ. ಈ ಹೊಲದಲ್ಲಿ ಹದಿನಾರಾಣೆ ಎಂದರೆ ಎಷ್ಟು ಎಂಬ ವಿಷಯದಲ್ಲಿ. ಮೆದುಳಿಗೆ ಪೆಟ್ಟಾದ ಕೂಸಿನ ಮಾತನ್ನು ಅಳೆಯ ಹೊರಟವರ ನೂರೈವತ್ತು ವರ್ಷಗಳ ಚರಿತ್ರೆಯಲ್ಲಿಯೂ ಮುಖ್ಯವಾದ ವಾದ ಇದೇ ಆಗಿದೆ.

ಕಥೆ ಶುರುವಾಗುವುದು ದೊಡ್ಡವರಿಂದ. 1861ರಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿ ತೀರಿಕೊಂಡ. ಎಷ್ಟೋ ವರ್ಷಗಳಿಂದ ಅವನ ಬಾಯಲ್ಲಿ ‘ತಾನ್’ ಎಂಬ ಒಂದು ಸದ್ದಿನ ಹೊರತು ಹೆಚ್ಚೇನೂ ಹೊರಡುತ್ತಿರಲಿಲ್ಲ. ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯ ಅವನ ಮೆದುಳನ್ನು ಪರೀಕ್ಷಿಸಿ, ಎಡಗಡೆಯ ಮುಂಭಾಗ ಕೆಟ್ಟಿರುವುದನ್ನು ತೋರಿಸಿದ. ಇಂಥ ರೋಗಿಗಳನ್ನು ಮತ್ತಷ್ಟು ನೋಡಿ, ಮಾತಿನ ನೆಲೆ ಸಾಮಾನ್ಯವಾಗಿ ಮೆದುಳಿನ ಎಡ ಅರ್ಧದಲ್ಲಿ ಎಂದು 1865ರಲ್ಲಿ ಸಾರಿದ. ಆದರೆ ಅದೇ ಲೇಖನದಲ್ಲಿ ಅವನಿಗೊಂದು ತೊಡಕು ಎದುರಾಯಿತು. ಮಾತಿಗೆ ಬೇಕಾದ ಎಡಗಡೆಯ ಭಾಗವೇ ಬೆಳೆಯದಿದ್ದ ಒಬ್ಬ ಹೆಂಗಸು ಜೀವಮಾನವೆಲ್ಲ ಮಾತಾಡಿದ್ದಳು, ಓದಿಯೂ ಇದ್ದಳು. ಎಳವೆಯಲ್ಲೇ ಎಡಗಡೆ ಕೆಟ್ಟರೆ ಬಲಗಡೆ ಆ ಕೆಲಸವನ್ನು ಕಲಿತುಕೊಳ್ಳುತ್ತದೆ ಎಂದು ಬ್ರೋಕಾ ಇದಕ್ಕೆ ಸಮಾಧಾನ ಹೇಳಿದ. ಮೂರು ವರ್ಷಗಳ ತರುವಾಯ, 1868ರಲ್ಲಿ, ಜೂಲ್ ಕೊತಾರ್ ಎಂಬವನು ಬಾಲ್ಯದಿಂದಲೇ ಮೆದುಳಿನ ಎಡಭಾಗ ಸೊರಗಿ, ಬಲಗೈ ಬಲಗಾಲು ಬಿದ್ದುಹೋದವರನ್ನು ಕುರಿತು ಬರೆದ. ಅವರಿಗೆ ಮಾತು ಹೋಗಿರಲಿಲ್ಲ.

ಇಷ್ಟರಿಂದ ವೈದ್ಯಲೋಕ ಒಂದು ನಂಬಿಕೆಯನ್ನು ಕಟ್ಟಿಕೊಂಡಿತು: ಕೂಸಿನ ಮೆದುಳು ಹಸಿಮಣ್ಣು, ಹೇಗೆ ಬೇಕಾದರೂ ತಿದ್ದಿಕೊಳ್ಳುತ್ತದೆ, ಹೋದ ಮಾತು ತಾನಾಗಿ ಬರುತ್ತದೆ. ತಾಯಂದಿರಿಗೆ ಇದು ಸಮಾಧಾನದ ಮಾತೇ ಸರಿ. ಅಳೆಯುವ ಕೆಲಸಕ್ಕೆ ಮಾತ್ರ ಇದರಿಂದ ಕೇಡಾಯಿತು. ತಾನಾಗಿ ಬರುವುದನ್ನು ಯಾರು ಅಳೆಯುತ್ತಾರೆ?

ಈ ನಂಬಿಕೆ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಬಲವಾಗಿತ್ತು. 1962ರಲ್ಲಿ ಬ್ಯಾಸರ್ ಎಂಬ ವೈದ್ಯರು ಎಳವೆಯಲ್ಲಿ ಅರ್ಧಾಂಗವಾಯುವಾದ 102 ಮಂದಿಯ ವಿವರ ಕೊಟ್ಟು, ಪೆಟ್ಟು ಎಡವೋ ಬಲವೋ ಎಂಬುದರಿಂದ ಮಾತಿಗೆ ದೊಡ್ಡ ಭೇದವಾಗುವುದಿಲ್ಲವೆಂದರು. 1967ರಲ್ಲಿ ಎರಿಕ್ ಲೆನ್ನೆಬರ್ಗ್ ಭಾಷೆಯ ಜೈವಿಕ ತಳಹದಿಯನ್ನು ಕುರಿತ ತಮ್ಮ ಹೆಸರಾಂತ ಗ್ರಂಥದಲ್ಲಿ, ಎರಡನೆಯ ವರ್ಷದಿಂದ ಹರೆಯ ಬರುವವರೆಗಿನ ಕಾಲ ಮಾತು ಬೇರೂರುವ ಕಾಲ, ಅಷ್ಟರೊಳಗೆ ಮೆದುಳಿನ ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ಹೊಣೆ ಹೊರಬಲ್ಲದು ಎಂದು ವಾದಿಸಿದರು.

ಆದರೆ ಮಕ್ಕಳ ಬಳಿ ಕುಳಿತು ನೋಡಿದವರಿಗೆ ಬೇರೆ ಸಂಗತಿಗಳೂ ಕಾಣುತ್ತಿದ್ದವು. 1957ರಲ್ಲಿ ಅಮೆರಿಕದ ಲ್ಯಾಂಡೌ ಮತ್ತು ಕ್ಲೆಫ್ನರ್ ಎಂಬಿಬ್ಬರು ಒಂದು ವಿಚಿತ್ರ ಬೇನೆಯನ್ನು ವರ್ಣಿಸಿದರು. ಚೆನ್ನಾಗಿ ಮಾತಾಡಿಕೊಂಡಿದ್ದ ಮಗು, ಮೆದುಳಿನೊಳಗಿನ ಅಪಸ್ಮಾರದ ಅಲೆಗಳಿಂದಾಗಿ, ಕೇಳಿದ ಮಾತನ್ನು ಗುರುತಿಸಲಾರದಂತಾಗುತ್ತದೆ. ಮನೆಯವರು ಕಿವುಡು ಬಂತೆಂದು ತಿಳಿಯುತ್ತಾರೆ. ಕಿವಿ ಪರೀಕ್ಷಿಸಿದರೆ ನೆಟ್ಟಗಿರುತ್ತದೆ. 1965ರಲ್ಲಿ ಫ್ರಾನ್ಸಿನ ಅಲಜುವಾನಿನ್ ಮತ್ತು ಲೆರ್ಮಿತ್ ಎಂಬವರು ಮಾತು ಕಳೆದುಕೊಂಡ 32 ಮಕ್ಕಳನ್ನು ಬಹುಕಾಲ ಗಮನಿಸಿ ಬರೆದರು. ದೊಡ್ಡವರಂತೆ ತಪ್ಪುತಪ್ಪಾಗಿ ಬಡಬಡಿಸುವುದು ಈ ಮಕ್ಕಳಲ್ಲಿ ಕಾಣಲಿಲ್ಲ, ಇವರು ಸುಮ್ಮನಾಗಿಬಿಡುತ್ತಿದ್ದರು. ಒತ್ತಾಯ ಮಾಡಿದರೆ ಮಾತ್ರ ಒಂದೆರಡು ನುಡಿ. ಹೆಚ್ಚಿನವರಿಗೆ ಕಾಲಾಂತರದಲ್ಲಿ ಮಾತು ಮರಳಿತು. ಆದರೆ ಶಾಲೆಯ ಪಾಠ ಮೊದಲಿನಂತೆ ಸಾಗಲಿಲ್ಲ. ಮಾತು ಬಂದಿತು, ಓದು ಬರಲಿಲ್ಲ ಎಂಬ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಅದರಿಂದ ಕೆಲಸವಿದೆ.

1978ರಲ್ಲಿ ವುಡ್ಸ್ ಮತ್ತು ಟಾಯ್ಬರ್ ಎಂಬ ವಿದ್ವಾಂಸರು ಹಳೆಯ ಲೆಕ್ಕಗಳನ್ನೆಲ್ಲ ತೆರೆದು ನೋಡಿದರು. ಮಾತು ಕಲಿತ ಮೇಲೆ ಮೆದುಳಿನ ಒಂದೇ ಪಕ್ಕಕ್ಕೆ ಪೆಟ್ಟಾದ 65 ಮಕ್ಕಳನ್ನು ತಾವೇ ಪರೀಕ್ಷಿಸಿದರು. ಎಡಗಡೆ ಪೆಟ್ಟಾದ 34 ಮಕ್ಕಳಲ್ಲಿ 25 ಮಂದಿಗೆ ಮಾತು ಕೆಟ್ಟಿತ್ತು. ಬಲಗಡೆಯ 31 ಮಂದಿಯಲ್ಲಿ 4 ಮಂದಿಗೆ ಮಾತ್ರ. ಹಾಗಾದರೆ ಎಡ ಬಲ ಎರಡೂ ಒಂದೇ ಎಂದು ಹಿಂದಿನವರಿಗೆ ಕಂಡದ್ದೇಕೆ? ಇದಕ್ಕೆ ಅವರು ಕೊಟ್ಟ ಉತ್ತರ ಇತಿಹಾಸ ಓದುವವರಿಗೆ ಹಿಡಿಸುವಂಥದು. ಜಂತುನಾಶಕ ಔಷಧಗಳು ಬರುವ ಮುಂಚಿನ ದಿನಗಳಲ್ಲಿ ಮಕ್ಕಳಿಗೆ ಮಾತು ಹೋಗುತ್ತಿದ್ದುದು ಬಹುಮಟ್ಟಿಗೆ ಸೋಂಕಿನ ಜ್ವರಗಳಿಂದ. ಆ ಸೋಂಕು ಮೆದುಳಿನ ಎರಡು ಪಕ್ಕಕ್ಕೂ ಹಬ್ಬುತ್ತಿತ್ತು. ಹೊರಗೆ ಬಿದ್ದು ಕಾಣುತ್ತಿದ್ದುದು ಒಂದು ಕೈ, ಒಂದು ಕಾಲು. ಔಷಧ ಬದಲಾಯಿತು, ರೋಗ ಬದಲಾಯಿತು, ಅದರೊಡನೆ ಸಿದ್ಧಾಂತವೂ ಬದಲಾಗಬೇಕಾಯಿತು.

ಹಾಗೆಂದು ಹಳೆಯ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. 1997ರಲ್ಲಿ ಲಂಡನ್ನಿನ ಫರಾನೆ ವರ್ಗಾ-ಖಾದೆಂ ಮತ್ತು ಅವರ ಜೊತೆಗಾರರು ಅಲೆಕ್ಸ್ ಎಂಬ ಹೆಸರಿನಲ್ಲಿ ಒಬ್ಬ ಹುಡುಗನ ವೃತ್ತಾಂತ ಪ್ರಕಟಿಸಿದರು. ರೋಗಪೀಡಿತವಾದ ಎಡ ಅರ್ಧವನ್ನು ಎಂಟೂವರೆ ವರ್ಷದಲ್ಲಿ ಶಸ್ತ್ರಚಿಕಿತ್ಸೆಯಿಂದ ತೆಗೆದ ಮೇಲೆ, ಅಲ್ಲಿಯವರೆಗೆ ಮಾತೇ ಬಾರದಿದ್ದ ಹುಡುಗ ಒಂಬತ್ತನೆಯ ವರ್ಷದಲ್ಲಿ ಮಾತಾಡತೊಡಗಿದ. 2022ರಲ್ಲಿ ಎಲಿಸ್ಸಾ ನ್ಯೂಪೋರ್ಟ್ ಮತ್ತು ಅವರ ಸಂಗಡಿಗರು, ಹುಟ್ಟುವಾಗಲೇ ಎಡಗಡೆ ಲಕ್ವಾ ಹೊಡೆದವರಲ್ಲಿ ಮಾತಿನ ನೆಲೆ ಕನ್ನಡಿಯ ಬಿಂಬದಂತೆ ಬಲಗಡೆಯ ಅದೇ ಜಾಗಕ್ಕೆ ಹೋಗಿ ನೆಲೆಸಿರುವುದನ್ನು ತೋರಿಸಿದರು. ಈ ಪರೀಕ್ಷೆಯಲ್ಲಿ ಹೋಲಿಕೆಗೆ ಅವರು ಆರಿಸಿಕೊಂಡದ್ದು ಆ ಮಕ್ಕಳ ಒಡಹುಟ್ಟಿದವರನ್ನು. ಒಂದೇ ಮನೆ, ಒಂದೇ ಮಾತು, ಒಂದೇ ಊಟ. ಅಂದರೆ ಹದಿನಾರಾಣೆಯನ್ನು ಪಕ್ಕದ ಹೊಲದಲ್ಲೇ ಹುಡುಕಿದಂತೆ.

ಇನ್ನು ನಮ್ಮ ನಾಡಿಗೆ ಬರೋಣ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ತೆರೆಯಿತು. ಮೈಸೂರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪ್ರಾರಂಭವಾಯಿತು. ಅಲ್ಲಿಯವರಿಗೆ ಮೊದಲು ಎದುರಾದ ಪ್ರಶ್ನೆ ಅಳತೆಗೋಲಿನದು. ಇಂಗ್ಲಿಷ್ ಮಾತಿಗೆಂದು ಮಾಡಿದ ಪರೀಕ್ಷೆಯಿಂದ ಕನ್ನಡದ ಮಗುವನ್ನು ಅಳೆಯುವುದು ಗಜಕಡ್ಡಿಯಿಂದ ಹಾಲು ಅಳೆದಂತೆ. ನಮ್ಮ ಭಾಷೆಯಲ್ಲಿ ಕೆಲಸವೆಲ್ಲ ಪದದ ಬಾಲದಲ್ಲಿ ನಡೆಯುತ್ತದೆ. ಯಾರು, ಯಾರಿಗೆ, ಯಾವಾಗ, ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಎಲ್ಲವೂ ಪ್ರತ್ಯಯದಲ್ಲಿ. 1972ರಲ್ಲಿ ಬಾಬು, ರತ್ನ, ಬೆಟಗೇರಿ ಎಂಬ ಮೂವರು ಕನ್ನಡ ಉಚ್ಚಾರಣೆಯ ಪರೀಕ್ಷೆಯೊಂದನ್ನು ರಚಿಸಿದರು. ಮುಂದೆ ಪ್ರತಿಭಾ ಕಾರಂತರು, ಅಫೇಸಿಯ ಆದ ದೊಡ್ಡವರಿಗಾಗಿ, ಕನ್ನಡದ ಧ್ವನಿ, ವಾಕ್ಯರಚನೆ, ಅರ್ಥ ಎಂಬ ಮೂರು ಭಾಗಗಳ ಒಂದು ಭಾಷಾಪರೀಕ್ಷೆಯನ್ನು ಕಟ್ಟಿದರು. ಬಹುವಚನ, ಕಾಲ, ವಿಭಕ್ತಿ, ‘ಬಂದರೆ’ ‘ಹೋದರೆ’ ಎಂಬಂಥ ಷರತ್ತಿನ ವಾಕ್ಯ, ‘ಬಂದು’ ‘ಹೋಗಿ’ ಎಂಬಂಥ ಕೃದಂತ, ಹೀಗೆ ಕನ್ನಡದ ಗಂಟುಗಂಟನ್ನೂ ಅದು ಮುಟ್ಟಿ ನೋಡುತ್ತದೆ.

ಈ ಪರೀಕ್ಷೆಯನ್ನು ಮಕ್ಕಳಿಗೆ ಹೊಂದಿಸುವುದೆಂತು? ಅದಕ್ಕೆ ಮೊದಲು ನೆಟ್ಟಗಿರುವ ಮಕ್ಕಳು ಅದರಲ್ಲಿ ಎಷ್ಟು ಅಂಕ ತೆಗೆಯುತ್ತಾರೆಂದು ತಿಳಿಯಬೇಕು. ಸುಚಿತ್ರಾ ಮತ್ತು ಕಾರಂತರು 1990ರಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳ ಲೆಕ್ಕವನ್ನು ಪ್ರಕಟಿಸಿದರು. ‘ಈ ವಾಕ್ಯ ಸರಿಯೋ ತಪ್ಪೋ’ ಎಂದು ಹೇಳುವ ಶಕ್ತಿ ಮಕ್ಕಳಿಗೆ ಒಮ್ಮೆಲೇ ಬರುವುದಿಲ್ಲ, ಶಾಲೆಯ ಮೊದಲ ವರ್ಷಗಳುದ್ದಕ್ಕೂ ಮೆಲ್ಲಗೆ ಬಲಿಯುತ್ತದೆ ಎಂಬುದು ಇಂಥ ಪರೀಕ್ಷೆಗಳಿಂದ ತಿಳಿದುಬಂದ ವಿಷಯ. ಆರು ವರ್ಷದವನು ತಪ್ಪು ಹೇಳಿದರೆ ಅದು ಪೆಟ್ಟಿನ ಫಲವಿರಬಹುದು. ಬರೇ ವಯಸ್ಸಿನ ಫಲವೂ ಇರಬಹುದು. ಪಟ್ಟಿಯಿಲ್ಲದೆ ಎರಡನ್ನೂ ಬೇರ್ಪಡಿಸಲಾಗದು.

ಇದರಲ್ಲಿ ಅಡಗಿದ ಇನ್ನೊಂದು ತೊಡಕು ನನಗೆ ಕಣ್ಣಿಗೆ ಕಟ್ಟಿದಂತಾದದ್ದು ನಮ್ಮೂರಿನ ಒಬ್ಬ ಹುಡುಗನಿಂದ. ಅವನ ಹೆಸರು ಇಲ್ಲಿ ಬೇಡ. ಐದು ತುಂಬಿತ್ತು. ಮಾಳಿಗೆಯ ಮೇಲೆ ಒಣಹಾಕಿದ ಶೇಂಗಾ ಕಾಯುತ್ತಿದ್ದವನು ಕೆಳಗೆ ಬಿದ್ದ. ತಲೆಯ ಎಡಗಡೆ ಪೆಟ್ಟಾಯಿತು. ಜೀವ ಉಳಿಯಿತು, ಬಲಗೈ ಸ್ವಲ್ಪ ಸೋತಿತು, ಮಾತು ನಿಂತಿತು. ಹೆದರಿ ಬಾಯಿ ಕಟ್ಟೇತಿ ಎಂದು ಊರವರು ಅಂದರು. ಮೂರು ವಾರವಾದ ಮೇಲೆ ‘ಅವ್ವಾ’ ಎಂದ, ಆಮೇಲೆ ‘ನೀರ’ ಎಂದ. ಕೆಲವು ತಿಂಗಳಲ್ಲಿ ಓಣಿಯ ಹುಡುಗರೊಡನೆ ಆಡಿಕೊಂಡಿದ್ದ. ಎಲ್ಲರೂ ಗುಣವಾಯಿತೆಂದರು. ಶಾಲೆಗೆ ಹೋದಾಗ ಅಕ್ಷರ ಹತ್ತಲಿಲ್ಲ. ಒಂದು ಕಡೆ ತೋರಿಸಿದಾಗ ಕಾಲು ತಾಸು ಚಿತ್ರ ತೋರಿಸಿ, ‘ಬುದ್ಧಿಮಾಂದ್ಯ’ ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ಅವನ ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ನನ್ನಲ್ಲಿಗೆ ಬಂದಳು.

‘ಏ ತಮ್ಮಾ, ನನ್ನ ಮೊಮ್ಮಗ ದಡ್ಡ ಅಲ್ಲೋ. ನೀನರ ಹೇಳಪಾ ಅವ್ರಿಗೆ’ ಎಂದಳು.

ಇನ್ನೊಬ್ಬ ವಾಕ್ ಚಿಕಿತ್ಸಕಿಯ ಬಳಿಗೆ ನಾವು ಮೂವರೂ ಹೋದೆವು. ಆಕೆ ದಕ್ಷಿಣದ ಕಡೆಯವಳು, ಚಿಕ್ಕ ವಯಸ್ಸು. ಒಂದೊಂದೇ ಚಿತ್ರ ತೋರಿಸುತ್ತ ಬಂದಳು. ಪೊರಕೆಯ ಚಿತ್ರಕ್ಕೆ ಹುಡುಗ ತಡವರಿಸಿ ‘ಕಸ... ಕಸಬ...’ ಎಂದ. ಆಕೆ ‘ಕಸ’ ಎಂದು ಬರೆದುಕೊಳ್ಳಲು ಹೊರಟಳು.

‘ಕಸಬರಿಗಿ ಅನ್ನಾಕತ್ತಾನ್ರಿ ಬಾಯಾರ’ ಎಂದಳು ಅಜ್ಜಿ.

ಆಕೆ ಪೆನ್ಸಿಲನ್ನು ಕೆಳಗಿಟ್ಟಳು. ಆಲೂಗಡ್ಡೆ ಅವನಿಗೆ ಬಟಾಟಿ, ಈರುಳ್ಳಿ ಉಳ್ಳಾಗಡ್ಡಿ, ಕಡಲೆಕಾಯಿ ಶೇಂಗಾ, ಸ್ಲೇಟು ಪಾಟಿ. ಅವನ ಮಾತಿನಲ್ಲೇ ಕೇಳಿದಾಗ ವಸ್ತುಗಳ ಹೆಸರು ಹೆಚ್ಚುಕಡಿಮೆ ಎಲ್ಲ ಇದ್ದವು. ಆಮೇಲೆ ಆಕೆ ಕಾಗದವನ್ನು ತಿರುವಿ, ಬೀಳುವ ಮೊದಲು ಹುಡುಗ ಹೇಗೆ ಮಾತಾಡುತ್ತಿದ್ದನೆಂದು ಅಜ್ಜಿಯನ್ನು ಕೇಳಿದಳು.

‘ಭಾಳ ಮಾತಾಡ್ತಿದ್ದನ್ರಿ. ಸಂತಿಗೆ ಕರದ್ರ, ನೀ ಎತ್ಕೊಂಡ್ರ ಬರ್ತೇನಿ, ಇಲ್ಲಂದ್ರ ಒಲ್ಲೆ ಅಂತ ಕರಾರ ಹಾಕ್ತಿದ್ದ.’

‘ಈಗ ಏನಂತಾನೆ?’

‘ಈಗ... ನೀ ಎತ್ಕೋ, ನಾ ಬರ್ತೇನಿ ಅಂತಾನ್ರಿ.’

ಇಡೀ ಪರೀಕ್ಷೆಯ ತಿರುಳು ಈ ಎರಡು ವಾಕ್ಯಗಳ ನಡುವೆ ಇತ್ತು. ಹೆಸರುಗಳು ಉಳಿದಿದ್ದವು, ಚಿಕ್ಕ ವಾಕ್ಯ ಉಳಿದಿತ್ತು. ಎರಡು ಮಾತನ್ನು ಕಟ್ಟುವ ‘ಅರೆ’ ಹೋಗಿತ್ತು. ಐದನೆಯ ವರ್ಷದಲ್ಲಿ ಅವನಲ್ಲಿ ಅದಿತ್ತೆಂದು ಅಜ್ಜಿ ಹೇಳದಿದ್ದರೆ, ಇನ್ನೂ ಕಲಿತಿಲ್ಲವೆಂದೇ ಲೆಕ್ಕವಾಗುತ್ತಿತ್ತು. ಹುಡುಗನ ಹದಿನಾರಾಣೆ ಅಜ್ಜಿಯ ನೆನಪಿನಲ್ಲಿ ಜೋಪಾನವಾಗಿತ್ತು. ಆಕೆ ಅವನ ಅಣ್ಣನನ್ನೂ ಮುಂದಿನ ಸಲ ಕರೆತರುವಂತೆ ಹೇಳಿದಳು. ಹಳೆಯ ಚೀಟಿಯ ಬದಲು ಬೇರೆ ಚೀಟಿ ಬರೆದಳು: ಬುದ್ಧಿಗೆ ಊನವಿಲ್ಲ, ತಲೆಯ ಪೆಟ್ಟಿನಿಂದ ವಾಕ್ಯ ಕಟ್ಟುವ ಶಕ್ತಿ ಕುಗ್ಗಿದೆ, ಓದಿನಲ್ಲಿ ಸಹಾಯ ಬೇಕು. ಅದನ್ನೋದಿ ಅವನ ಶಾಲೆಯ ಗುರುಗಳು ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು, ಉದ್ದ ವಾಕ್ಯವನ್ನು ತುಂಡು ಮಾಡಿ ಹೇಳತೊಡಗಿದರು. ಮೂರು ವರ್ಷ ಹಿಡಿಯಿತು. ಹುಡುಗ ಈಗ ನಿಧಾನವಾಗಿ ಓದುತ್ತಾನೆ.

ಧಾರವಾಡದ ಕನ್ನಡ ಪುಸ್ತಕದ ಕನ್ನಡವಲ್ಲ. ಅದು ಒಂದೇ ಕನ್ನಡವೂ ಅಲ್ಲ. 1960ರಷ್ಟು ಹಿಂದೆಯೇ ವಿಲಿಯಂ ಮೆಕಾರ್ಮಕ್ ಎಂಬ ಅಮೆರಿಕದ ವಿದ್ವಾಂಸರು, ಧಾರವಾಡದಲ್ಲಿ ಸಮಾಜದ ಗುಂಪು ಬದಲಾದಂತೆ ಮಾತಿನ ರೂಪ ಬದಲಾಗುವುದನ್ನು ಎತ್ತಿ ತೋರಿಸಿದ್ದರು. ‘ಮನೆಯಲ್ಲಿ’ ಎಂಬುದನ್ನು ‘ಮನ್ಯಾಗ’ ಎನ್ನುವ ಮಗು ವಿಭಕ್ತಿ ಕಳೆದುಕೊಂಡಿಲ್ಲ. ‘ಬಂದಿದ್ದಾನೆ’ ಎನ್ನದೆ ‘ಬಂದಾನ’ ಎನ್ನುವ ಮಗು ಕಾಲ ಮರೆತಿಲ್ಲ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ ಆಡುವ ಮಕ್ಕಳೂ ನಮ್ಮಲ್ಲಿ ಇದ್ದಾರೆ. ಅಂಥವರನ್ನು ಎರಡು ಮಾತಿನಲ್ಲೂ ನೋಡಬೇಕು. ಮಿಶೆಲ್ ಪಾರಾದಿ ಎಂಬ ಕೆನಡಾದ ವಿದ್ವಾಂಸರು 1980ರ ದಶಕದಲ್ಲಿ ಎರಡು ಭಾಷೆಯವರಿಗೆಂದೇ ರೂಪಿಸಿದ ಅಫೇಸಿಯ ಪರೀಕ್ಷೆ ಕನ್ನಡಕ್ಕೂ ಬಂದಿದೆ. ಅದರ ನೀತಿ ಸರಳ: ಒಂದು ಭಾಷೆಯಲ್ಲಿ ಸೋತವನು ಇನ್ನೊಂದರಲ್ಲಿ ಸೋತಿದ್ದಾನೆಂದು ನೋಡದೆ ಹೇಳಬಾರದು.

ಹಾಗಾದರೆ ಸರಿಯಾದ ಅಳತೆ ಯಾವುದು? ಮೊದಲು ಕಿವಿಯ ಪರೀಕ್ಷೆ. ಆಮೇಲೆ ಮಗುವಿಗೆ ಏನು ಅರ್ಥವಾಗುತ್ತದೆಂಬುದು, ಏನು ಆಡುತ್ತದೆಂಬುದಕ್ಕಿಂತ ಮುಂಚೆ. ಏಕೆಂದರೆ ಪೆಟ್ಟು ತಿಂದ ಮಗು ಬಲ್ಲದ್ದನ್ನೂ ಆಡದೆ ಇರುತ್ತದೆ. ಆಮೇಲೆ ಹೆಸರು ಹೇಳಿಸುವುದು, ಹೇಳಿದ್ದನ್ನು ಮರಳಿ ಹೇಳಿಸುವುದು, ಆಟದ ನಡುವೆ ಅದು ತಾನಾಗಿ ಆಡುವ ಮಾತನ್ನು ಬರೆದಿಟ್ಟುಕೊಳ್ಳುವುದು, ಕಥೆ ಹೇಳಿಸುವುದು. ಇವೆಲ್ಲಕ್ಕೂ ಜೊತೆಗೆ ಮನೆಯವರ ಸಾಕ್ಷಿ. ಮುಖ್ಯವಾದದ್ದು ಇನ್ನೊಂದುಂಟು: ಒಂದೇ ಸಲ ಅಳೆದರೆ ಸಾಲದು. ಆರು ವರ್ಷದವನಿಗೆ ಬೇಕಾದ ಮಾತು ಚಿಕ್ಕದು. ಅದು ಮರಳಿ ಬಂದಿರಬಹುದು. ಹತ್ತು ವರ್ಷದವನ ಪಾಠಪುಸ್ತಕದ ಮಾತು ದೊಡ್ಡದು; ಕೊರತೆ ಆಗ ತಲೆಯೆತ್ತಬಹುದು. 1965ರ ಆ 32 ಮಕ್ಕಳ ಕಥೆ ಹೇಳುವುದೂ ಇದನ್ನೇ.

ಇದು ಬರೇ ವಿದ್ವಾಂಸರ ವಿಚಾರವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮಾತು ಮತ್ತು ಭಾಷೆಯ ಊನವನ್ನೂ ಎಣಿಸಿದೆ. ಅಫೇಸಿಯದ ಹೆಸರು ಅದರಲ್ಲಿದೆ. ಸವಲತ್ತಿಗೆ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ಶೇಕಡಾ ಲೆಕ್ಕ ಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳ ತಪಾಸಣೆಗೆ ಏರ್ಪಾಡಿದೆ. ಶೇಕಡಾ ಇಷ್ಟು ಎಂದು ಬರೆಯುವಾಗ ಯಾವ ನೂರರಲ್ಲಿ ಎಂದು ಯಾರಾದರೂ ಕೇಳಲೇಬೇಕಲ್ಲ!

ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿ ಕಡೆಯ ಮಕ್ಕಳು ಮೂರು, ನಾಲ್ಕು, ಐದನೆಯ ವರ್ಷದಲ್ಲಿ ಹೇಗೆ ಮಾತಾಡುತ್ತಾರೆಂಬುದನ್ನು ಊರೂರಿಗೆ ಕುಳಿತು ಬರೆದಿಡಬಲ್ಲವರು ಅಲ್ಲಿಯ ಶಿಕ್ಷಕರೂ ಅಂಗನವಾಡಿಯ ಅಕ್ಕಂದಿರೂ ಅಲ್ಲದೆ ಬೇರೆ ಯಾರು? ಒಂದು ನೋಟುಬುಕ್ಕು, ಒಂದು ಪೆನ್ಸಿಲು ಸಾಕು. ಮಗು ಆಡಿದ ಮಾತು, ಅದರ ವಯಸ್ಸು, ತಾರೀಖು ಇಷ್ಟು ಬರೆದರೆ ಆಯಿತು. ಆ ನೋಟುಬುಕ್ಕುಗಳು ಮೈಸೂರು, ಹುಬ್ಬಳ್ಳಿಗಳ ಪರೀಕ್ಷಕರ ಮೇಜಿಗೆ ತಲುಪಿದರೆ, ಮುಂದೆ ಬೀಳುವ ಮಗುವಿನ ಲೆಕ್ಕ ಅದರ ಮನೆಯ ಮಾತಿನಲ್ಲಿಯೇ ಆಗುತ್ತದೆ.